ಅಂಗಡಿ ನಡೆಸುತ್ತಿದ್ದ ಅಪ್ಪ ತೀರಿಕೊಂಡರು. ಉದ್ರಿ ವಹಿ ಏನು ಮಾಡಲಿ?

ಪ್ರಶ್ನೆ: ನಮ್ಮ ತಂದೆ ಲಕ್ಷ್ಮೇಶ್ವರದಲ್ಲಿ ಸುಮಾರು 40 ವರ್ಷ ಕಿರಾಣಿ ಅಂಗಡಿ ನಡೆಸಿದರು. ತಾವೇ ಕಟ್ಟಿ ಬೆಳೆಸಿದ ಅಂಗಡಿ. ಹೋದ ತಿಂಗಳು ಒಮ್ಮೆಲೇ ಎದೆನೋವು ಬಂದು ತೀರಿಕೊಂಡರು. ಶಿವಗಣಾರಾಧನೆ ಮುಗಿದಿದೆ, ಅಂಗಡಿ ಇನ್ನೂ ತೆಗೆದಿಲ್ಲ. ನಾನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೇನೆ. ತಂಗಿಯನ್ನು ಹಾವೇರಿಗೆ ಕೊಟ್ಟಿದೆ. ಮನೆಯಲ್ಲಿ ಅವ್ವ ಮತ್ತು ಅಪ್ಪನ ತಾಯಿ ಇದ್ದಾರೆ. ಅಂಗಡಿ ತೆಗೆಯೋಣ, ನಾನೇ ಕೂಡುತ್ತೇನೆ ಅನ್ನುತ್ತಾಳೆ ಅವ್ವ. ಮಳಿಗೆ ಬಾಡಿಗೆಯದು, ಕರಾರು ಪತ್ರ ಇಲ್ಲ. ಜಿಎಸ್‌ಟಿ ಅಪ್ಪನ ಹೆಸರಲ್ಲಿದೆ, ರೆಗ್ಯುಲರ್. ಮೂರು ಉದ್ರಿ ವಹಿ ಇವೆ. ಕೂಡಿಸಿದರೆ 4 ಲಕ್ಷದ ಹತ್ತಿರ ಬರುತ್ತದೆ. ಹುಬ್ಬಳ್ಳಿಯ ಹೋಲ್‌ಸೇಲ್‌ದವರಿಗೆ ನಾವೂ ಕೊಡಬೇಕು. ಈಗ ಬಿತ್ತನೆ ಹಂಗಾಮು, ಯಾರ ಕೈಯಲ್ಲೂ ರೊಕ್ಕ ಇಲ್ಲ. ಎಲ್ಲಿಂದ ಶುರು ಮಾಡಲಿ? ವಸೂಲಿಗೆ ಮನೆ ಮನೆಗೆ ಹೋಗುವುದು ಸರಿಯಾ? ಅಪ್ಪನ ಹೆಸರಿನ ಬೋರ್ಡ್ ಇಳಿಸಬೇಕಾ?

ಉತ್ತರ: ನಿಮ್ಮ ತಂದೆಯ ಕೈಬರಹದ ಕೊನೆಯ ಸಾಲು ವಹಿಯಲ್ಲಿ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ. ಪ್ರತಿ ಖಾತೆಯಲ್ಲೂ ಆ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಪಕ್ಕ ಅವರು ತೀರಿಕೊಂಡ ತಾರೀಖು ಹಾಕಿ. ಮೂರೂ ವಹಿಯ ಕೊನೆಯಲ್ಲಿ ಅವ್ವ, ಅಜ್ಜಿ, ತಂಗಿ, ನೀವು, ನಾಲ್ವರೂ ಸಹಿ ಮಾಡಿ. ಅಜ್ಜಿಗೆ ಸಹಿ ಬರದಿದ್ದರೆ ಹೆಬ್ಬೆಟ್ಟು ಒತ್ತಿಸಿ. ಆಮೇಲೆ ಎಲ್ಲ ಪುಟಗಳ ಫೋಟೊ ತೆಗೆದಿಡಿ.

ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಮತ್ತು ತೆರಿಗೆ ನೋಡುವುದು ನನ್ನ ಕೆಲಸ. ಅಂಗಡಿಯ ಯಜಮಾನರು ಹೋದ ಮೇಲೆ ಮನೆಯವರು ನನ್ನ ಹತ್ತಿರ ಬರುವಾಗ ಸಾಮಾನ್ಯವಾಗಿ ಒಂದು ತೊಂದರೆ ಆಗಿಯೇ ಹೋಗಿರುತ್ತದೆ. ಅಪ್ಪನ ಲೆಕ್ಕ ಎಲ್ಲಿ ಮುಗಿಯಿತು, ಮನೆಯವರ ಲೆಕ್ಕ ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗಲ್ಲಾದ ರೊಕ್ಕ ಮಣ್ಣಿನ ಖರ್ಚಿಗೆ ಹೋಗಿರುತ್ತದೆ. ಸ್ವಲ್ಪ ಮಾಲು ತಿಥಿಯ ಅಡುಗೆಗೆ ಹೋಗಿರುತ್ತದೆ. ಯಾರೋ ಬಂದು ಕೊಟ್ಟ ಉದ್ರಿ ಬಾಕಿ ಯಾರದೋ ಜೇಬಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಅದು ತಪ್ಪಲ್ಲ, ಮನೆಯಲ್ಲಿ ಹೆಣ ಇರುವಾಗ ಲೆಕ್ಕ ಬರೆಯುತ್ತಾ ಕೂಡಲು ಆಗುವುದಿಲ್ಲ. ಆದರೆ ಮುಂದೆ ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕು, ಹೋಲ್‌ಸೇಲ್‌ದವರು, ನಾಳೆ ಅಣ್ಣ-ತಂಗಿಯ ನಡುವಿನ ಹಂಚಿಕೆ, ಎಲ್ಲವೂ ಒಂದೇ ಪ್ರಶ್ನೆ ಕೇಳುತ್ತವೆ: ಆ ದಿನ ಏನಿತ್ತು? ಅದಕ್ಕೆ ಉತ್ತರ ಈಗಲೇ ಬರೆದಿಡಬೇಕು. ನೆನಪು ಇನ್ನೂ ಹಸಿಯಾಗಿದೆ. ಈಗಾಗಲೇ ಖರ್ಚಾದದ್ದನ್ನೂ ಕೂತು ನೆನಪಿಸಿಕೊಂಡು ಬರೆಯಿರಿ. ಅಂದಾಜು ಇದ್ದರೆ ಅಂದಾಜು ಅಂತಲೇ ಬರೆಯಿರಿ.

ನಾಲ್ಕು ಸಹಿ ಯಾಕೆ ಅಂತ ಕೇಳಬಹುದು. ಅಂಗಡಿ ಅಪ್ಪನ ಸ್ವಂತ ಗಳಿಕೆ, ಉಯಿಲು ಇದೆ ಅಂತ ನೀವು ಬರೆದಿಲ್ಲ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ನಾಲ್ವರಿಗೂ ಸಮಪಾಲು. ಈ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ತಂಗಿಯನ್ನು ಕೊಟ್ಟಾಯಿತು, ಅವಳಿಗೇನು ಅಂತ ನಮ್ಮ ಕಡೆ ಇನ್ನೂ ಮಾತಾಡುತ್ತಾರೆ. ಅಜ್ಜಿಯ ಪಾಲಂತೂ ಯಾರಿಗೂ ನೆನಪೇ ಆಗುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಮಗನ ಆಸ್ತಿಯಲ್ಲಿ ಸೊಸೆಯಷ್ಟೇ ಹಕ್ಕಿದೆ. ಅವರು ಪಾಲು ಬೇಡ ಅಂದರೂ ಸರಿ, ಅವರ ಒಪ್ಪಿಗೆ ಕಾಗದದಲ್ಲಿ ಇರಲಿ. ಅವ್ವ ಅಂಗಡಿ ನಡೆಸಬೇಕಾದರೆ ಉಳಿದ ಮೂವರು ‘ನಮ್ಮ ತಕರಾರಿಲ್ಲ’ ಅಂತ ಬರೆದುಕೊಟ್ಟ ಪತ್ರ ಬ್ಯಾಂಕಿನಲ್ಲೂ ತೆರಿಗೆ ಕಚೇರಿಯಲ್ಲೂ ಬೇಕಾಗುತ್ತದೆ.

ಮರಣ ಪ್ರಮಾಣಪತ್ರ ತೆಗೆಸಿರುತ್ತೀರಿ ಅಂದುಕೊಂಡಿದ್ದೇನೆ. 21 ದಿನದೊಳಗೆ ನೋಂದಾಯಿಸಿದ್ದರೆ ಶುಲ್ಕವಿಲ್ಲ. ತಡವಾಗಿದ್ದರೂ ಆಗುತ್ತದೆ, ಸ್ವಲ್ಪ ಓಡಾಟ ಜಾಸ್ತಿ. ಜೊತೆಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಎರಡನ್ನೂ ಹತ್ತಾರು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.

ಈಗ ಅಂಗಡಿಯ ಬಾಗಿಲು ತೆಗೆಯಿರಿ, ವ್ಯಾಪಾರಕ್ಕಲ್ಲ, ಎಣಿಕೆಗೆ. ಒಂದು ತಿಂಗಳು ಮುಚ್ಚಿದ ಕಿರಾಣಿ ಅಂಗಡಿ ಹಾಳಾಗುತ್ತದೆ. ಬಾಯಿ ಬಿಚ್ಚಿದ ಚೀಲಗಳನ್ನು ಮೊದಲು ನೋಡಿ. ರವೆ, ಮೈದಾ, ಕಡಲೆಹಿಟ್ಟಿಗೆ ಹುಳ ಹಿಡಿದಿರುತ್ತದೆ. ಕೊಬ್ಬರಿ ಬೂಸು ಕಟ್ಟಿರುತ್ತದೆ. ಮಳೆಗಾಲದ ತಂಪಿಗೆ ಬೆಲ್ಲ ನೀರೊಡೆದಿರುತ್ತದೆ. ಕೆಟ್ಟದ್ದನ್ನು ತೂಗಿ, ಬರೆದು, ಆಮೇಲೆ ಚೆಲ್ಲಿ. ಪಾಕೀಟಿನ ಮಾಲಿನಲ್ಲಿ ತಾರೀಖು ಮುಗಿದದ್ದನ್ನು ಬೇರೆ ಇಡಿ. ಬಿಸ್ಕಿಟ್, ಸಾಬೂನು, ಎಣ್ಣೆಯ ಏಜೆನ್ಸಿಯವರು ತಿರುಗಿ ತೆಗೆದುಕೊಳ್ಳುವುದು ವಾಡಿಕೆ. ಯಜಮಾನರು ಹೋದ ಸುದ್ದಿ ಕೇಳಿದ ಮೇಲೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಉಳಿದ ಮಾಲನ್ನು ಖರೀದಿ ದರದಲ್ಲಿ ಪಟ್ಟಿ ಮಾಡಿ, ಎಂಆರ್‌ಪಿಯಲ್ಲಿ ಅಲ್ಲ. ತೆರಿಗೆಯವರಿಗೂ ಮನೆಯವರಿಗೂ ಆ ಪಟ್ಟಿಯೇ ಆಧಾರ.

ಎಣಿಸುವಾಗ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ತೆಗೆದುಬಿಡಿ. ಅದಕ್ಕೆ ಬಂದ ರೊಕ್ಕ ಅಪ್ಪನ ಖಾತೆಗೆ ಹೋಗುತ್ತದೆ, ಬ್ಯಾಂಕಿಗೆ ಸಾವಿನ ಸುದ್ದಿ ಮುಟ್ಟಿದ ಮೇಲೆ ಅಲ್ಲೇ ನಿಲ್ಲುತ್ತದೆ. ಸದ್ಯಕ್ಕೆ ಇರಲಿ ಅಂತ ನಿಮ್ಮ ಸಂಬಳದ ಖಾತೆಯ ಕ್ಯೂಆರ್ ಅಂಟಿಸುವುದೂ ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿ ರಾಜ್ಯದಲ್ಲೆಲ್ಲಾ ಗದ್ದಲ ಆಗಿತ್ತಲ್ಲ, ನೆನಪಿರಬೇಕು. ಅಂಗಡಿಯ ವ್ಯಾಪಾರ ನಿಮ್ಮ ಖಾತೆಯಲ್ಲಿ ಕಂಡರೆ ಅದು ನಿಮ್ಮ ವ್ಯಾಪಾರ ಅಂತಲೇ ಓದಿಕೊಳ್ಳುತ್ತಾರೆ. ಅವ್ವನ ಹೆಸರಲ್ಲಿ ಖಾತೆ ತೆರೆಯುವ ತನಕ ನಗದು ತೆಗೆದುಕೊಳ್ಳಿ, ದಿನಾ ಸಂಜೆ ಬರೆಯಿರಿ.

ಅಪ್ಪನ ಸಿಮ್ ಕಾರ್ಡನ್ನು ಮಾತ್ರ ಬಿಡಬೇಡಿ, ರೀಚಾರ್ಜ್ ಮಾಡುತ್ತಿರಿ. ಜಿಎಸ್‌ಟಿ, ಆದಾಯ ತೆರಿಗೆಯ ಒಟಿಪಿ ಬರುವುದು ಆ ನಂಬರಿಗೆ. 90 ದಿನ ಬಳಸದಿದ್ದರೆ ನಂಬರು ಬಂದ್ ಆಗಬಹುದು, ಬೇರೆಯವರ ಪಾಲೂ ಆಗಬಹುದು. ಆದರೆ ಆ ಫೋನಿನಿಂದ, ಪಿನ್ ಗೊತ್ತಿದೆ ಅಂತ, ಅಪ್ಪನ ಖಾತೆಯ ರೊಕ್ಕ ವರ್ಗಾಯಿಸಬೇಡಿ. ಮನೆಯವರೇ ಮಾಡಿದರೂ ಅದು ಸರಿಯಲ್ಲ. ನಾಲ್ವರ ಹಕ್ಕಿನ ರೊಕ್ಕವನ್ನು ಒಬ್ಬರು ತೆಗೆದಂತೆ ಆಗುತ್ತದೆ.

ಇನ್ನು ವಹಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ 4 ಲಕ್ಷ ಬರಬೇಕು ಅನ್ನುವುದು ಎದ್ದು ಕಾಣುತ್ತದೆ. ನಾನು ಹೇಳುವುದು, ಬರುವುದನ್ನು ನೋಡುವ ಮೊದಲು ಕೊಡುವುದನ್ನು ಹುಡುಕಿ. ಹೋಲ್‌ಸೇಲ್‌ದವರ ಮಾತಲ್ಲ ಇದು. ಸಣ್ಣ ಊರಲ್ಲಿ ನಂಬಿಕೆಯ ಅಂಗಡಿಯವರ ಹತ್ತಿರ ಜನ ರೊಕ್ಕ ಇಡುತ್ತಾರೆ. ಕುಡಿಯುವ ಗಂಡನ ಕೈಗೆ ಸಿಗಬಾರದು ಅಂತ ಕೂಲಿ ಹೆಣ್ಣುಮಗಳು ವಾರಕ್ಕೆ ಇಷ್ಟು ಅಂತ ಇಟ್ಟಿರುತ್ತಾಳೆ. ಮಗಳ ಮದುವೆಯ ಸಂತಿಗೆ ಅಂತ ಒಬ್ಬರು ಮುಂಗಡ ಕೊಟ್ಟಿರುತ್ತಾರೆ. ಊರಿಗೆ ಹೋಗುವಾಗ ಒಬ್ಬರು ಮನೆಯ ಕೀಲಿ ಬಿಟ್ಟಿರುತ್ತಾರೆ. ಇದಕ್ಕೆ ರಸೀದಿ ಇರುವುದಿಲ್ಲ. ವಹಿಯ ಹಿಂದಿನ ಪುಟಗಳಲ್ಲಿ, ಜಮಾ ಕಡೆ ಮಾತ್ರ ಅಂಕಿ ಇದ್ದು ನಾವೆ ಕಡೆ, ಅಂದರೆ ಮಾಲು ಕೊಟ್ಟ ಕಡೆ, ಏನೂ ಇಲ್ಲದ ಖಾತೆಗಳಲ್ಲಿ, ಗಲ್ಲಾದ ತಳದಲ್ಲಿ ಹೆಸರು ಬರೆದು ಮಡಚಿದ ಕಾಗದದ ಪೊಟ್ಟಣಗಳಲ್ಲಿ ಅದು ಸಿಗುತ್ತದೆ. ಕೆಲವರು ಸಂಕೋಚದಿಂದ ಕೇಳಲಾರರು. ಸಾವಿನ ಮನೆಯಲ್ಲಿ ರೊಕ್ಕದ ಮಾತು ಹೇಗೆ ಎತ್ತುವುದು ಅಂತ ಸುಮ್ನೆ ಕೂತು ಎದ್ದು ಹೋಗಿರುತ್ತಾರೆ. ಅಂಥವರನ್ನು ಅವ್ವನೇ ಕರೆದು ಕೊಡಲಿ. ಇಬ್ಬರನ್ನು ಸಾಕ್ಷಿ ಇಟ್ಟುಕೊಂಡು ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಇದು ಕಾಯ್ದೆಯ ಲೆಕ್ಕದಲ್ಲೂ ಅಪ್ಪನ ಆಸ್ತಿಯ ಮೇಲಿನ ಸಾಲವೇ. ಆದರೆ ನಾನು ಇದನ್ನು ಮೊದಲು ಮಾಡಿ ಅನ್ನುವುದು ಕಾಯ್ದೆಗಾಗಿ ಅಲ್ಲ. ನಿಮ್ಮ ತಂದೆ 40 ವರ್ಷ ಗಳಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಈ ನಂಬಿಕೆ. ಅವ್ವ ನಾಳೆ ಗಲ್ಲಾದ ಮೇಲೆ ಕೂತಾಗ ಅದೇ ಅವಳ ಬಂಡವಾಳ.

ಅಪ್ಪನ ರೊಕ್ಕವೂ ಹೀಗೆ ಅಲ್ಲಲ್ಲಿ ಇರುತ್ತದೆ. ಪಿಗ್ಮಿ ಪುಸ್ತಕ ಹುಡುಕಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಈ ಪದ್ಧತಿ ನಮ್ಮ ಕಡೆಯ ಸೊಸೈಟಿಗಳಲ್ಲಿ ಇವತ್ತಿಗೂ ನಡೆದಿದೆ. ದಿನಾ ಬರುತ್ತಿದ್ದ ಪಿಗ್ಮಿ ಏಜೆಂಟರನ್ನು ಕೇಳಿದರೆ ಯಾವ ಸೊಸೈಟಿ, ಎಷ್ಟು ಅಂತ ಹೇಳುತ್ತಾರೆ. ಬಜಾರದಲ್ಲಿ ಭಿಶಿ, ಅಂದರೆ ಕೈಚೀಟಿ, ಹಾಕಿದ್ದರೇನೋ ವಿಚಾರಿಸಿ. ಅದಕ್ಕೆ ಕಾಗದ ಇರುವುದಿಲ್ಲ, ಅಕ್ಕಪಕ್ಕದ ಅಂಗಡಿಯವರ ಬಾಯಿಮಾತೇ ದಾಖಲೆ. ತಡ ಮಾಡಿದಷ್ಟೂ ಅದು ಮಸುಕಾಗುತ್ತದೆ.

ಉದ್ರಿ ವಹಿ ಓದುವ ಕೆಲಸ ನೀವೊಬ್ಬರೇ ಮಾಡಬೇಡಿ. ನಿಮಗೆ ಅಂಕಿ ಓದಲು ಬರುತ್ತದೆ, ಹೆಸರು ಓದಲು ಬರುವುದಿಲ್ಲ. ಹಳೇ ಕಾಲದ ಅಂಗಡಿಯವರು ಆಧಾರ್ ಕಾರ್ಡಿನ ಹೆಸರು ಬರೆಯುವುದಿಲ್ಲ. ‘ಟೇಲರ್ ಮನಿ’, ‘ಸಾಲಿ ಮಾಸ್ತರ’, ‘ಕೆರಿ ಓಣಿ ಅಜ್ಜಿ’, ‘ಟ್ರ್ಯಾಕ್ಟರ್ ತಮ್ಮ’ ಅಂತ ಇರುತ್ತದೆ. ಅವ್ವನನ್ನು ಪಕ್ಕ ಕೂಡಿಸಿಕೊಂಡು ಒಂದೊಂದು ಖಾತೆ ಓದಿ. ಯಾರು, ಎಲ್ಲಿರುತ್ತಾರೆ, ಮನೆಯ ಪರಿಸ್ಥಿತಿ ಏನು, ಅಪ್ಪ ಅವರ ಬಗ್ಗೆ ಏನು ಹೇಳುತ್ತಿದ್ದರು ಅಂತ ಬೇರೆ ಹಾಳೆಯಲ್ಲಿ ಬರೆಯಿರಿ. ಕೆಲವು ಖಾತೆಗೆ ಅಪ್ಪ ವರ್ಷಗಳಿಂದ ಏನೂ ಸೇರಿಸಿರುವುದಿಲ್ಲ, ಅಡ್ಡಗೆರೆಯನ್ನೂ ಹೊಡೆದಿರುವುದಿಲ್ಲ. ಅವು ಅವರು ಕೇಳುವುದನ್ನು ಬಿಟ್ಟ ಖಾತೆಗಳು. ಮನೆಯ ದುಡಿಯುವವ ಸತ್ತಿದ್ದಕ್ಕೋ, ಬೆಳೆ ಹೋದದ್ದಕ್ಕೋ ಬಿಟ್ಟಿರುತ್ತಾರೆ. ಅಪ್ಪ ಕೇಳದೆ ಬಿಟ್ಟದ್ದನ್ನು ನೀವು ಕೇಳಲು ಹೋಗಬೇಡಿ ಅಂತ ನನ್ನ ಸಲಹೆ. ಕಾಯ್ದೆಯಲ್ಲೂ ಅದರಲ್ಲಿ ಹೆಚ್ಚಿನ ಹುರುಳಿಲ್ಲ.

ಆ ಕಾಯ್ದೆ ಏನು ಅಂತ ಹೇಳಿಬಿಡುತ್ತೇನೆ. ಮಾಲು ಕೊಟ್ಟ ದಿನದಿಂದ 3 ವರ್ಷ ದಾಟಿದರೆ ಆ ಬಾಕಿಗೆ ಸಾಮಾನ್ಯವಾಗಿ ದಾವೆ ಹಾಕಲು ಬರುವುದಿಲ್ಲ, ಅದು 1963ರ ಕಾಲಮಿತಿ ಕಾಯ್ದೆ. ಅವಧಿಯೊಳಗೆ ಗಿರಾಕಿ ‘ಇಷ್ಟು ಬಾಕಿ ಇದೆ, ಒಪ್ಪಿದೆ’ ಅಂತ ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಅವಧಿ ಮುಗಿದಿದ್ದರೂ ‘ಕೊಡುತ್ತೇನೆ’ ಅಂತ ಬರೆದು ಸಹಿ ಮಾಡಿದರೆ ಅದು ಹೊಸ ಕರಾರಾಗಿ ನಿಲ್ಲುತ್ತದೆ. ಬರೀ ವಹಿ ತೋರಿಸಿ ಕೋರ್ಟಿನಲ್ಲಿ ಗೆಲ್ಲಲು ಆಗುವುದಿಲ್ಲ. ನಿತ್ಯ ಬರೆದ ಲೆಕ್ಕದ ಪುಸ್ತಕ ಸಾಕ್ಷಿಯಾಗುತ್ತದೆ, ಆದರೆ ಅದೊಂದೇ ಸಾಲದು ಅಂತ ಹಳೆಯ ಸಾಕ್ಷ್ಯ ಕಾಯ್ದೆಯೂ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯೂ ಹೇಳುತ್ತದೆ. ಜೊತೆಗೆ, ತೀರಿಕೊಂಡವರಿಗೆ ಬರಬೇಕಾದ ಬಾಕಿಗೆ ವಾರಸುದಾರರು ಡಿಕ್ರಿ ಪಡೆಯಬೇಕಾದರೆ 1925ರ ಕಾಯ್ದೆಯಂತೆ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು. ಎರಡು ಸಾವಿರದ ಉದ್ರಿಗೆ ಇಷ್ಟೆಲ್ಲಾ ಯಾರು ಮಾಡುತ್ತಾರೆ? ಗಿರಾಕಿ ತಾನಾಗಿ ಕೊಟ್ಟರೆ ಇದ್ಯಾವುದೂ ಬೇಡ. ಅಂದರೆ ನಿಮ್ಮ 4 ಲಕ್ಷ ನಿಂತಿರುವುದು ಪೂರಾ ಗಿರಾಕಿಯ ಮನಸ್ಸಿನ ಮೇಲೆ.

ಆದ್ದರಿಂದ ಮನೆ ಮನೆಗೆ ಹೋಗಬೇಡಿ, ಈಗಂತೂ ಬೇಡವೇ ಬೇಡ. ಮಿರಗದ ಮಳೆ ಬಿದ್ದು ಬೀಜ-ಗೊಬ್ಬರಕ್ಕೆ ರೊಕ್ಕ ಹೊಂದಿಸುತ್ತಿರುವ ರೈತನ ಬಾಗಿಲಲ್ಲಿ ವಹಿ ಹಿಡಿದು ನಿಂತರೆ ಅವನಿಗೂ ಅವಮಾನ, ನಿಮಗೂ ಬರಿಗೈ. ‘ನಿಮ್ಮಪ್ಪಾರು ಎಂದೂ ಹಿಂಗ ಕೇಳಿದ್ದಿಲ್ರಿ’ ಅನ್ನುತ್ತಾನೆ, ಆ ಮಾತು ಓಣಿಯಲ್ಲೆಲ್ಲಾ ಹರಡುತ್ತದೆ. ನಮ್ಮ ಕಡೆ ಉದ್ರಿ ಬೆಳೆಯ ಜೊತೆ ಓಡುತ್ತದೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ನಿಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಬೀಜ-ಗೊಬ್ಬರದ ಸಾಲಕ್ಕೆ ಸಂಘ ಬಂತು. ಆದರೆ ಬಿತ್ತಿದ ದಿನದಿಂದ ರಾಶಿಯ ದಿನದವರೆಗೆ ಉಪ್ಪು, ಎಣ್ಣೆ, ಚಹಾಪುಡಿ ಕೊಟ್ಟವರು ನಿಮ್ಮ ತಂದೆಯಂಥ ಕಿರಾಣಿಯವರೇ, ಅದೂ ಬಡ್ಡಿಯಿಲ್ಲದೆ. ‘ಹೆಸರುಕಾಳು ಬಂದ ಕೂಡ್ಲೇ ಕೊಡ್ತೀನ್ರಿ ಸಾವಕಾರ್ರ’ ಅಂದವನು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಕೊಡುತ್ತಾನೆ. ಶೇಂಗಾ, ಉಳ್ಳಾಗಡ್ಡಿಯವನದು ದೀಪಾವಳಿಯ ಆಜುಬಾಜು. ಒಣಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ಯುವವನದು ಜನವರಿಯಿಂದ ಮಾರ್ಚ್. ಕಡಲೆ, ಹಿಂಗಾರಿ ಜೋಳದವನದು ಶಿವರಾತ್ರಿ ದಾಟಿ. ಪಗಾರದವರಿಗೆ ತಿಂಗಳ ಮೊದಲ ವಾರ, ಕೂಲಿಯವರಿಗೆ ಸಂತಿ ದಿನ. ಯಾವ ಖಾತೆ ಯಾವ ಬೆಳೆಯದು ಅಂತ ಅವ್ವನಿಗೆ ಗೊತ್ತಿರುತ್ತದೆ. ಅದನ್ನೂ ಆ ಹಾಳೆಯಲ್ಲಿ ಬರೆದುಕೊಳ್ಳಿ.

ಹಾಗಾದರೆ ಈಗ ಮಾಡುವುದೇನು? ಅಂಗಡಿ ತೆಗೆದು ಕೂಡುವುದು. ಗಿರಾಕಿ ತಾನೇ ಬರುತ್ತಾನೆ. ಬಂದಾಗ ಅವ್ವ ವಹಿ ತೆರೆದು ಅವನ ಖಾತೆಯ ಗೆರೆ ತೋರಿಸಲಿ. ‘ಯಜಮಾನ್ರು ಬರೆದಿಟ್ಟದ್ದು ಇಷ್ಟೈತಿ, ಸರಿ ಐತೇನು ನೋಡಪಾ’ ಅಂತ ಕೇಳಲಿ. ರೊಕ್ಕ ಕೇಳುವುದು ಬೇಡ, ಲೆಕ್ಕ ಮಾತ್ರ ಕೇಳಲಿ. ಸರಿ ಅಂದರೆ ಗೆರೆಯ ಕೆಳಗೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ‘ಇಲ್ಲವ್ವಾ, ಇದರಾಗ ಐನೂರು ಕೊಟ್ಟಿದ್ದೆ’ ಅಂದರೆ, ಮೊತ್ತ ಸಣ್ಣದಿದ್ದು ಮನುಷ್ಯ ನಂಬಿಗಸ್ತನಾಗಿದ್ದರೆ ವಾದ ಮಾಡದೆ ತಿದ್ದಿಬಿಡಿ. ಅಪ್ಪ ಬರೆಯಲು ಮರೆತಿರಲೂಬಹುದು. ಹೊಸ ಮಾಲನ್ನು ಹೊಸ ವಹಿಯಲ್ಲಿ ಬರೆಯಿರಿ. ಹಳೆಯದಕ್ಕೆ ಬಂದ ರೊಕ್ಕ ಹಳೆಯ ವಹಿಯಲ್ಲೇ ಜಮಾ ಆಗಲಿ, ಅದು ನಾಲ್ವರ ಪಾಲಿನದು. ಎರಡನ್ನೂ ಬೆರೆಸಿದಿರೋ, ಮುಂದೆ ಬಿಡಿಸಲು ನನ್ನಂಥವರಿಗೂ ಆಗುವುದಿಲ್ಲ. ಇಡೀ 4 ಲಕ್ಷ ಬರುತ್ತದೆ ಅಂತ ನಂಬಿ ಸಾಲ ತೀರಿಸುವ ಲೆಕ್ಕ ಹಾಕಬೇಡಿ. ಬಂದಷ್ಟು ಬರಲಿ, ಒಂದು ಬೆಳೆ ವರ್ಷ ಪೂರ್ತಿ ತಿರುಗಲು ಬಿಡಿ.

ಹೋಲ್‌ಸೇಲ್‌ದವರ ವಿಷಯದಲ್ಲಿ ನೀವು ಸ್ವಲ್ಪ ಗಟ್ಟಿ ಇರಬೇಕು. ಅಮರಗೋಳದ ಎಪಿಎಂಸಿಯಲ್ಲಿರಲಿ, ದುರ್ಗದಬೈಲಿನ ಕಡೆ ಇರಲಿ, ಎಲ್ಲರ ಹತ್ತಿರವೂ ಅಪ್ಪನ ಖಾತೆಯ ನಕಲು ಕೇಳಿ, ತೀರಿಕೊಂಡ ದಿನದ ತನಕದ್ದು. ಅದನ್ನು ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಅಪ್ಪನ ಕಿರ್ದಿ (ದಿನವಹಿ) ಮೂರರ ಜೊತೆ ತಾಳೆ ನೋಡಿ. ಕಚ್ಚಾ ಚೀಟಿಯಲ್ಲಿ ನಗದು ಕೊಟ್ಟದ್ದು ಆ ಕಡೆ ಜಮಾ ಆಗದೆ ಉಳಿದಿರುತ್ತದೆ. ಒಪ್ಪಿದ ಬಾಕಿಯನ್ನು ಅಪ್ಪ ಬಿಟ್ಟುಹೋದ ಆಸ್ತಿಯಿಂದ ತೀರಿಸಬೇಕು. ಆ ಆಸ್ತಿ ಸಾಲದಿದ್ದರೆ ನಿಮ್ಮ ಸಂಬಳದಿಂದ ಕಟ್ಟುವ ಹೊಣೆ ಕಾಯ್ದೆಯಲ್ಲಿ ಇಲ್ಲ. ಅಪ್ಪನ ಸಾಲ ಮಗನ ಧರ್ಮ ಅನ್ನುವ ಹಳೆಯ ಹಿಂದೂ ನಿಯಮದ ಮೇಲೆ ಮಗನನ್ನು ಕೋರ್ಟಿಗೆ ಎಳೆಯುವುದು ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರದ ಸಾಲಗಳಿಗೆ ನಿಂತುಹೋಗಿದೆ. ನೀವು ಎಲ್ಲಾದರೂ ಜಾಮೀನು ಸಹಿ ಮಾಡಿದ್ದರೆ ಮಾತ್ರ ಬೇರೆ. ಅಪ್ಪ ಭದ್ರತೆಗೆ ಅಂತ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರೆ ಕೇಳಿ ತಿರುಗಿ ತೆಗೆದುಕೊಳ್ಳಿ. ಅದನ್ನು ಮುಂದೆ ಇಟ್ಟು ಯಾರಾದರೂ ಚೆಕ್ ಬೌನ್ಸ್ ಕೇಸು ಅಂತ ಹೆದರಿಸಿದರೆ ಹೆದರಬೇಡಿ. ತೀರಿಕೊಂಡವರ ಚೆಕ್ಕಿಗೆ ವಾರಸುದಾರರ ಮೇಲೆ ಆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಅಂಗಡಿ ಮುಂದುವರಿಸುವುದಾದರೆ ಇದೇ ಹೋಲ್‌ಸೇಲ್‌ದವರು ಅವ್ವನಿಗೂ ಮಾಲು ಕೊಡಬೇಕು. ಅದಕ್ಕೇ ಒಪ್ಪಿದ್ದನ್ನು ಕಂತಿನಲ್ಲಾದರೂ ತಪ್ಪದೆ ಕಟ್ಟಿ.

ಜಿಎಸ್‌ಟಿಯಲ್ಲಿ ಹೆಸರು ಬದಲಾವಣೆ ಅನ್ನುವುದು ಇಲ್ಲ. ಒಬ್ಬರೇ ಮಾಲೀಕರ ಅಂಗಡಿಯ ನೋಂದಣಿ ಅವರ ಪ್ಯಾನ್ ಮೇಲೆ ನಿಂತಿರುತ್ತದೆ. ಅವ್ವನ ಪ್ಯಾನ್ ಮೇಲೆ ಹೊಸ ನೋಂದಣಿ ಮಾಡಿಸಬೇಕು, ಅರ್ಜಿಯಲ್ಲಿ ಕಾರಣ ಮಾಲೀಕರ ಮರಣ ಅಂತ ತೋರಿಸಬೇಕು. ವಹಿವಾಟು 40 ಲಕ್ಷ ದಾಟುವುದಿಲ್ಲ, ನೋಂದಣಿ ಯಾಕೆ ಅಂತ ಕೆಲವರು ಹೇಳಬಹುದು. ನೋಂದಣಿ ಇದ್ದ ವ್ಯಾಪಾರವನ್ನು ವಾರಸಿನಿಂದ ಹಾಗೆಯೇ ಮುಂದುವರಿಸುವವರು ಮೊದಲ ದಿನದಿಂದಲೇ ನೋಂದಣಿಗೆ ಬರಬೇಕು ಅಂತ ಕಾಯ್ದೆಯ 22ನೇ ಕಲಂನಲ್ಲಿ ಇದೆ. ಇಲ್ಲಿ ಕ್ರಮ ತಪ್ಪಿದರೆ ನಷ್ಟ. ಮೊದಲು ಅವ್ವನ ಹೊಸ ನಂಬರು. ಆಮೇಲೆ ಅಪ್ಪನ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ಫಾರಂನಲ್ಲಿ ಹೊಸ ನಂಬರಿಗೆ ವರ್ಗಾಯಿಸುವುದು. ಅದು ಮುಗಿದ ಮೇಲೆಯೇ ಅಪ್ಪನ ನೋಂದಣಿ ರದ್ದಿಗೆ ಅರ್ಜಿ. ಮೊದಲೇ ರದ್ದು ಮಾಡಿಸಿದರೆ ಗೋದಾಮಿನ ಮಾಲಿನ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಕೈಬಿಟ್ಟಂತೆ. ಕೇಂದ್ರ ತೆರಿಗೆ ಮಂಡಳಿ 2019ರ ಮಾರ್ಚ್ 28ರ ಸುತ್ತೋಲೆಯಲ್ಲಿ ಇದನ್ನೆಲ್ಲಾ ಬಿಡಿಸಿ ಹೇಳಿದೆ, ಸುತ್ತೋಲೆಯ ಸಂಖ್ಯೆ 96. ರದ್ದಾದ ಮೇಲೆ 3 ತಿಂಗಳೊಳಗೆ ಕೊನೆಯ ರಿಟರ್ನ್, ಜಿಎಸ್‌ಟಿಆರ್-10, ಹಾಕುವುದನ್ನು ಮರೆಯಬೇಡಿ. ಅಂಗಡಿ ಮುಂದುವರಿಸಿದವರ ಮೇಲೆ ಅಪ್ಪನ ಹಳೆಯ ಜಿಎಸ್‌ಟಿ ಬಾಕಿಯೂ ಬರುತ್ತದೆ. ಹಾಗಾಗಿ ಅವ್ವನ ಹೆಸರಿಗೆ ತೆಗೆದುಕೊಳ್ಳುವ ಮೊದಲು ಹಿಂದಿನ ರಿಟರ್ನ್, ನೋಟಿಸ್ ಏನಾದರೂ ಬಾಕಿ ಇದೆಯೇ ಅಂತ ಅಪ್ಪನ ಲೆಕ್ಕ ನೋಡುತ್ತಿದ್ದವರ ಹತ್ತಿರ ಕೂತು ನೋಡಿ.

ಆದಾಯ ತೆರಿಗೆಗೂ ಅದೇ ಗೆರೆ. ಏಪ್ರಿಲ್ 1ರಿಂದ ತೀರಿಕೊಂಡ ದಿನದ ತನಕದ ಲೆಕ್ಕ ಅಪ್ಪನ ಪ್ಯಾನ್ ಮೇಲೆ, ವಾರಸುದಾರರಾಗಿ ನೀವು ನೋಂದಾಯಿಸಿಕೊಂಡು ರಿಟರ್ನ್ ಹಾಕುತ್ತೀರಿ. ಮರುದಿನದಿಂದ ಅವ್ವನದು. ಹಿಂದಿನ ವರ್ಷದ ರಿಟರ್ನ್ ಹಾಕಿರದಿದ್ದರೆ ಅದೂ ನಿಮ್ಮ ಮೇಲೆಯೇ.

ಬ್ಯಾಂಕಿನಲ್ಲಿ ನಾಮಿನಿ ಇದ್ದರೆ ರೊಕ್ಕ ಬೇಗ ಸಿಗುತ್ತದೆ. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ, ನಾಲ್ವರ ಪರವಾಗಿ ತೆಗೆದುಕೊಳ್ಳುವವರು ಅಷ್ಟೇ. ನಾಮಿನಿ ಇಲ್ಲದಿದ್ದರೂ ಸಣ್ಣ ಮೊತ್ತಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. 2025ರ ಸೆಪ್ಟೆಂಬರಿನ ಆರ್‌ಬಿಐ ನಿಯಮದಂತೆ ತಕರಾರಿಲ್ಲದಿದ್ದರೆ ಸಾಮಾನ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ಕಾಗದಪತ್ರದ ಮೇಲೆ ಕೊಡಬೇಕು. ಎಲ್ಲ ಕಾಗದ ಮುಟ್ಟಿದ ಮೇಲೆ 15 ದಿನದೊಳಗೆ ಮುಗಿಸಬೇಕು.

ಮಳಿಗೆಯ ಮಾಲೀಕರನ್ನು ಅವ್ವನ ಜೊತೆ ಹೋಗಿ ಕಾಣಿ. ಬಾಡಿಗೆದಾರ ತೀರಿಕೊಂಡರೆ ಬಾಡಿಗೆ ಹಕ್ಕು ಅಂದೇ ಮುಗಿಯುವುದಿಲ್ಲ, ವಾರಸುದಾರರಿಗೆ ಬರುತ್ತದೆ. ಆದರೆ ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು 15 ದಿನದ ಲಿಖಿತ ನೋಟಿಸ್ ಕೊಟ್ಟು ಮುಗಿಸಲು ಮಾಲೀಕರಿಗೆ ಬರುತ್ತದೆ. ಹಾಗಾಗಿ ಒಳ್ಳೆಯ ಮಾತಿನಲ್ಲೇ ಅವ್ವನ ಹೆಸರಿಗೆ ಹೊಸ ಕರಾರು ಪತ್ರ ಮಾಡಿಸಿ, ಅಪ್ಪ ಕೊಟ್ಟ ಡಿಪಾಜಿಟ್ ಎಷ್ಟು ಅಂತ ಅದರಲ್ಲಿ ಬರೆಸಿ. ಜಿಎಸ್‌ಟಿ ಅರ್ಜಿಗೂ ಅದು ಬೇಕು. ಆಹಾರ ಮಾರಾಟದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಲೀಕರು ತೀರಿಕೊಂಡ ದಿನದಿಂದ 90 ದಿನ ಮನೆಯವರಿಗೆ ಊರ್ಜಿತ ಇರುತ್ತದೆ, ಅಷ್ಟರಲ್ಲಿ ಅವ್ವನ ಹೆಸರಿಗೆ ಮಾಡಿಸಿ. ಪುರಸಭೆಯ ಉದ್ದಿಮೆ ಪರವಾನಗಿ, ತಕ್ಕಡಿಯ ಮುದ್ರೆ, ಹೆಸ್ಕಾಂ ಮೀಟರು ಅಪ್ಪನ ಹೆಸರಲ್ಲಿದ್ದರೆ ಅದು, ಇವೆಲ್ಲಾ ಒಂದೆರಡು ಓಡಾಟದ ಕೆಲಸ.

ಅವ್ವನಿಂದ ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ಪತ್ರದ ಒಳಗೆ ಆ ಅಳುಕು ಇದೆ. ಇಷ್ಟು ವರ್ಷ ಅಪ್ಪ ಊಟಕ್ಕೆ ಎದ್ದಾಗ, ಹುಬ್ಬಳ್ಳಿಗೆ ಮಾಲಿಗೆ ಹೋದಾಗ ಗಲ್ಲಾದ ಮೇಲೆ ಕೂತವರು ಯಾರು? ಯಾವ ಓಣಿಗೆ ಯಾವ ಅಕ್ಕಿ ಹೋಗುತ್ತದೆ, ಪಂಚಮಿಗೆ ಎಷ್ಟು ಬೆಲ್ಲ, ಎಷ್ಟು ಎಳ್ಳು ತರಿಸಬೇಕು ಅಂತ ಅವಳಿಗೆ ಗೊತ್ತು. ನಮ್ಮ ಕಡೆಯ ಎಷ್ಟೋ ಅಂಗಡಿಗಳನ್ನು ಅರ್ಧ ನಡೆಸಿದವರು ಹೆಣ್ಣುಮಕ್ಕಳೇ, ಹೆಸರು ಮಾತ್ರ ಕಾಗದದಲ್ಲಿ ಇರಲಿಲ್ಲ. ಅವಳಿಗೆ ಬೇಕಾದದ್ದು ಮಾಲು ಎತ್ತಿಡಲು ಒಬ್ಬ ಹುಡುಗ, ತಿಂಗಳಿಗೊಮ್ಮೆ ಲೆಕ್ಕ ನೋಡಲು ನೀವು, ಮತ್ತು ಹೊಸ ಉದ್ರಿಗೆ ಒಂದು ಮಿತಿ. ಮನೆಗೆ ಇಷ್ಟು ಅಂತ ನೀವಿಬ್ಬರೂ ಕೂತು ನಿಗದಿ ಮಾಡಿ. ಅದನ್ನು ದಾಟಿ ಕೇಳಿದವರಿಗೆ ‘ಮಗನ್ನ ಕೇಳಬೇಕಪಾ’ ಅನ್ನಲಿ. ಇಲ್ಲ ಅನ್ನುವ ಭಾರ ಅವಳ ಮೇಲೆ ಬೀಳುವುದು ಬೇಡ. ಒಂದು ವರ್ಷ ನೋಡಿ. ಸಾಗದಿದ್ದರೆ ಆಗ ಮಾಲು ಖಾಲಿ ಮಾಡಿ ಮುಚ್ಚಿದರೂ ಇವತ್ತು ಮುಚ್ಚುವುದಕ್ಕಿಂತ ಉದ್ರಿ ಜಾಸ್ತಿ ಬಂದಿರುತ್ತದೆ. ಮುಚ್ಚಿದ ಅಂಗಡಿಗೆ ಬಾಕಿ ಕಟ್ಟಲು ಯಾರೂ ದಾರಿ ಹುಡುಕಿಕೊಂಡು ಬರುವುದಿಲ್ಲ.

ಬೋರ್ಡ್ ಇಳಿಸಬೇಕಿಲ್ಲ. ಅಂಗಡಿಯ ಹೆಸರು ಅದೇ ಇರಬಹುದು, ಅವ್ವನ ನೋಂದಣಿಯಲ್ಲೂ ವ್ಯಾಪಾರದ ಹೆಸರು ಅಂತ ಅದನ್ನೇ ಕೊಡಿ. ಮಾಲೀಕರ ಹೆಸರಿನ ಜಾಗದಲ್ಲಿ ಅವ್ವನ ಹೆಸರು ಬರೆಸಿ, ಬೋರ್ಡಿನಲ್ಲಿ ಹೊಸ ಜಿಎಸ್‌ಟಿ ನಂಬರು ಹಾಕಿಸಿ. ಹೊಸ ನಂಬರು ಬಂದ ದಿನ ಪೇಂಟರನ್ನು ಕರೆಸಿದರೆ ಸಾಕು.